ನಾಳೆ ಟೈಲರನ ಸಾಲದ ಸರದಿ

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅಂಗಡಿಯ ಬೋರ್ಡಿನ ಮೇಲೆ ಅದನ್ನೇ ದೊಡ್ಡದಾಗಿ ಬರೆಸಿದ್ದ ಕೂಡ. ಆದರೆ ಬೋರ್ಡು ಓದಿಕೊಂಡು ಅಂಗಡಿ ಹುಡುಕಿದವರು ಯಾರೂ ಇಲ್ಲ. "ನಾಳೆ ಟೈಲರ್ ಅಂಗಡೀನಾ? ಔಷಧಿ ಅಂಗಡಿ ದಾಟಿ, ಗಾಜಿನ ಬಾಗಿಲು," ಎಂದು ಬೀದಿಯವರು ದಾರಿ ತೋರಿಸುತ್ತಿದ್ದರು.

ಆ ಹೆಸರು ಪುಕ್ಕಟೆ ಬಂದದ್ದಲ್ಲ. ಇಪ್ಪತ್ತು ವರ್ಷ ಒಂದೇ ಮಾತನ್ನು ಒಂದೇ ನಗುವಿನಲ್ಲಿ ಹೇಳಿ ಸಂಪಾದಿಸಿದ್ದು. "ನಾಳೆ ಬನ್ನಿ, ಕೊಟ್ಟುಬಿಡ್ತೀನಿ." ಕೇಳಿದವರಿಗೆ ಅದು ಸುಳ್ಳು ಅನಿಸುತ್ತಿತ್ತು. ಅವನಿಗೆ ಮಾತ್ರ ಯಾವತ್ತೂ ಸುಳ್ಳು ಅನಿಸಿರಲಿಲ್ಲ. ಹೇಳುವ ಹೊತ್ತಿನಲ್ಲಿ ಅವನು ಅದನ್ನು ಮನಸಾರೆ ನಂಬುತ್ತಿದ್ದ. ನಾಳೆ ಎಂಬುದು ಅವನ ಪಾಲಿಗೆ ಒಂದು ದಿನವಾಗಿರಲಿಲ್ಲ, ಅಂಗಡಿಯ ಹಿಂದೆ ಇರುವ ದೊಡ್ಡ ಗೋದಾಮಾಗಿತ್ತು. ಎಷ್ಟು ತುರುಕಿದರೂ ಇನ್ನಷ್ಟು ಹಿಡಿಸುತ್ತಿತ್ತು.

ಕೆಲಸದಲ್ಲಿ ಅವನಿಗೆ ಕೆಲವು ಕಟ್ಟುಪಾಡುಗಳಿದ್ದವು. ಬಟ್ಟೆ ಕೈಗೆ ಬಂದ ದಿನವೇ ಕತ್ತರಿ ಆಡಿಸಿಬಿಡಬೇಕು. ಕತ್ತರಿಸದ ಬಟ್ಟೆಯನ್ನು ಗಿರಾಕಿ ಸಿಟ್ಟು ಬಂದಾಗ ಎತ್ತಿಕೊಂಡು ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಕತ್ತರಿಸಿದ ಬಟ್ಟೆಯನ್ನು ಯಾವ ಟೈಲರೂ ಮುಟ್ಟುವುದಿಲ್ಲ, ಗಿರಾಕಿ ಸಾಯುವತನಕ ನಮ್ಮವನೇ. ಕತ್ತರಿಸಿದ ಮೇಲೆ ಕಾಲರ್ ಒಂದನ್ನು ಮಾತ್ರ ಹೊಲಿದು, ಗರಿಗರಿಯಾಗಿ ಇಸ್ತ್ರಿ ಮಾಡಿ, ಗೋಡೆಯ ಮೊಳೆಗೆ ಸಿಕ್ಕಿಸಬೇಕು. ಗಿರಾಕಿ ಬಂದಾಗ ಅದನ್ನು ತೋರಿಸಬೇಕು. "ನೋಡಿ, ಕಾಲರ್ ರೆಡಿ. ಅಂಗೀಲಿ ಕಷ್ಟದ ಕೆಲಸ ಅಂದ್ರೆ ಕಾಲರೇ. ಉಳಿದದ್ದು ಏನ್ ಮಹಾ, ನಾಳೆ ಬನ್ನಿ." ಕಾಲರ್ ಕಂಡ ಗಿರಾಕಿಗೆ ಅಂಗಿಯೇ ಕಂಡಷ್ಟು ಸಮಾಧಾನ. ಗೋಡೆಯ ತುಂಬ ಹೀಗೆ ಮೈಯಿಲ್ಲದ ಕಾಲರುಗಳು ಸಾಲಾಗಿ ನೇತಾಡುತ್ತಿದ್ದವು.

ಇಷ್ಟರಲ್ಲಿ ಅಂಗಿ ನಿಜವಾಗಿ ಹೊಲಿಯಬೇಕಾಗಿ ಬಂದರೆ ಯಾರದು ಮೊದಲು? ಅದಕ್ಕೂ ಉತ್ತರವಿತ್ತು. ಯಾರು ಜೋರಾಗಿ ಕೂಗುತ್ತಾರೋ ಅವರದು. ಅಂಗಡಿಯೊಳಗೆ ನಿಂತು ಕೂಗಿದವರಿಗೆ ಒಂದು ವಾರ, ಬೀದಿಯಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಕೂಗಿದವರಿಗೆ ಎರಡು ದಿನ. ಮೆತ್ತಗೆ ಬಂದು "ಆಗಿದೆಯಾ?" ಎಂದು ಕೇಳಿ, "ಇಲ್ಲ" ಅಂದರೆ "ಪರವಾಗಿಲ್ಲ" ಎಂದು ಹೋಗುವವರ ಬಟ್ಟೆಗೆ ಕಾಲರ್ ಭಾಗ್ಯ ಮಾತ್ರ.

ಅವನ ಹೆಂಡತಿ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕಾಜಾ ಹೊಲಿಯುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು, ಪ್ರತಿ ಗುಂಡಿಗೂ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳು. ಬಾಯಿ ಬಿಡುವಾದಾಗ ಮಾತಾಡುತ್ತಿದ್ದಳು. "ರೀ, ನಿಮ್ಮ ಅಂಗಡಿಗೆ ಬರೋರಿಗೆ ಮೈ ಅಳತೆ ತಗೊಳೋ ಬದಲು ಗಂಟಲ ಅಳತೆ ತಗೊಳ್ಳಿ. ಕೆಲಸ ಸುಲಭ ಆಗುತ್ತೆ."

ಇಂಥವನು ಸಾಲ ಮಾಡಿದರೆ ಹೇಗೆ ತೀರಿಸುತ್ತಾನೆ ಎಂದು ಬೇರೆ ಹೇಳಬೇಕಾಗಿಲ್ಲ.

ಸಾಲ ಮೂರಿದ್ದವು. ಮೊದಲನೆಯದು ಭಾವನದು. ಅಕ್ಕನ ಗಂಡ, ಬಣ್ಣದ ಅಂಗಡಿಯ ಯಜಮಾನ. ಮೂರು ವರ್ಷದ ಹಿಂದೆ ಅಂಗಡಿಯ ಮುಂಗಡಕ್ಕೆಂದು ನಲವತ್ತು ಸಾವಿರ ಕೊಟ್ಟಿದ್ದ. ಬಡ್ಡಿ ಇಲ್ಲ, ಕಾಗದ ಇಲ್ಲ, ಗಡುವು ಇಲ್ಲ. ಇದ್ದದ್ದು ಬಾಯಿ ಮಾತ್ರ. ದೇವರು ಭಾವನಿಗೆ ಗಂಟಲಿನ ವಿಷಯದಲ್ಲಿ ಮೋಸ ಮಾಡಿರಲಿಲ್ಲ. ಎದುರು ಬದಿಯ ಫುಟ್‌ಪಾತಿನಿಂದಲೇ ಶುರು ಮಾಡುತ್ತಿದ್ದ. "ಏನಯ್ಯಾ ಟೈಲರೇ! ನನ್ನ ನಲವತ್ತು ಸಾವಿರ ಕತ್ತರಿಸಿಬಿಟ್ಯಾ, ಇಲ್ಲ ಬರೀ ಕಾಲರ್ ಹೊಲಿದಿಟ್ಟಿದೀಯಾ?" ಔಷಧಿ ಅಂಗಡಿಯ ಗಿರಾಕಿಗಳು ಚೀಟಿ ಹಿಡಿದುಕೊಂಡೇ ತಿರುಗಿ ನೋಡುತ್ತಿದ್ದರು. ಟೈಲರ್ ಓಡಿಹೋಗಿ ಐನೂರೋ ಸಾವಿರವೋ ಕೈಗೆ ತುರುಕಿ ಕಳಿಸುತ್ತಿದ್ದ. ಹೀಗೆ ಐದು ಸಾವಿರ ತೀರಿತ್ತು, ಮೂವತ್ತೈದು ಉಳಿದಿತ್ತು.

ಎರಡನೆಯದು ಕಾರ್ಡಿನದು. ದೊಡ್ಡ ಮಳಿಗೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ನಿಂತಿದ್ದ ಹುಡುಗಿಯೊಬ್ಬಳು "ಸರ್" ಎಂದು ಕರೆದು, ಒಂದು ಚೀಲ ಪುಕ್ಕಟೆ ಕೊಟ್ಟು, ಅದರ ಜೊತೆಗೆ ಕಾರ್ಡೊಂದನ್ನು ಗಂಟು ಹಾಕಿದ್ದಳು. ಇಪ್ಪತ್ತು ವರ್ಷದಲ್ಲಿ ಅವನನ್ನು ಸರ್ ಎಂದು ಕರೆದವರು ಯಾರೂ ಇರಲಿಲ್ಲ. ಆ ಕಾರ್ಡಿನಿಂದ ಇಪ್ಪತ್ತೈದು ಸಾವಿರ ಖರ್ಚು ಮಾಡಿ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ," ಅಂದಿದ್ದಳು ಹೆಂಡತಿ. ಆದರೆ ಬಾಗಿಲಿನಿಂದ ಉಪಯೋಗವೇ ಆಗಲಿಲ್ಲ ಅನ್ನುವಂತಿಲ್ಲ. ಭಾವ ಬರುವುದು ದೂರದಿಂದಲೇ ಕಾಣುತ್ತಿತ್ತು.

ಕಾರ್ಡಿನವರು ಎಂದೂ ಕೂಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಫೋನಿಗೆ ಸಂದೇಶ ಕಳಿಸುತ್ತಿದ್ದರು. ಮಾನ್ಯ ಗ್ರಾಹಕರೇ, ಈ ತಿಂಗಳು ತಾವು ಕನಿಷ್ಠ ಸಾವಿರದ ಇನ್ನೂರೈವತ್ತು ಕಟ್ಟಿದರೆ ಸಾಕು. ಆ 'ಸಾಕು' ಎಂಬ ಮಾತಿಗೆ ಟೈಲರ್ ಕರಗಿಹೋಗಿದ್ದ. "ನೋಡೇ, ಎಂಥಾ ಮರ್ಯಾದಸ್ಥರು! ಪೂರ್ತಿ ಕೇಳೋ ಹಕ್ಕಿದ್ರೂ ಸ್ವಲ್ಪ ಕೊಟ್ರೆ ಸಾಕು ಅಂತಾರೆ. ನಮ್ಮ ಭಾವನಿಗೆ ಈ ಬುದ್ಧಿ ಬರಬಾರದಾ?" ಎರಡು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ದ. ಮೂರು ದಿನ ತಡವಾಗಿ ಕಟ್ಟುತ್ತಿದ್ದ, ಅದು ಬೇರೆ ಮಾತು. ಕಟ್ಟುವ ದಿನ ಬಂದಾಗ ಬಾಯಿಂದ ಅದೇ ಮಾತು ಬರುತ್ತಿತ್ತಲ್ಲ, ನಾಳೆ.

ಮೂರನೆಯದು ಮೆಶಿನ್ನಿನದು. ಹಳೆಯ ಕಾಲ್ತುಳಿ ಯಂತ್ರದ ಬದಲು ಮೋಟಾರಿನ ಮೆಶಿನ್ ಒಂದನ್ನು ಕಂತಿನ ಮೇಲೆ ತಂದಿದ್ದ. ಅಂಗಡಿಯ ಅನ್ನವೆಲ್ಲ ಅದರ ಸೂಜಿಯ ತುದಿಯಲ್ಲೇ ಇತ್ತು. ಕಂತಿನ ಕಂಪನಿಯ ವಸೂಲಿಗಾರ ಬಹಳ ತೆಳ್ಳಗಿನ ಯುವಕ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದ. ದನಿ ಎಷ್ಟು ಮೆತ್ತಗೆಂದರೆ ಅವನು ಮಾತಾಡುವಾಗ ಟೈಲರ್ ಫ್ಯಾನ್ ಆರಿಸಬೇಕಾಗುತ್ತಿತ್ತು.

"ಸರ್, ಎರಡು ಕಂತು ಬಾಕಿ ಇದೆ ಸರ್."

"ಕೊಡೋಣಪ್ಪ, ನಾಳೆ ಬಾ."

"ಆಯ್ತು ಸರ್."

ಇಂಥ ಹುಡುಗನನ್ನು ಕಂಡರೆ ಯಾರಿಗೆ ತಾನೇ ಹೆದರಿಕೆಯಾಗುತ್ತದೆ? ಪಾಪ, ಒಳ್ಳೆಯ ಹುಡುಗ ಅಂದುಕೊಂಡು, ಅವನಿಗೆಂದು ಎತ್ತಿಟ್ಟಿದ್ದನ್ನೇ ತೆಗೆದು ಟೈಲರ್ ಭಾವನಿಗೆ ಕೊಟ್ಟಿದ್ದ.

ಹೀಗಿರುವಾಗ ಕಾವಲುಗಾರರನ್ನು ಒದಗಿಸುವ ಏಜೆನ್ಸಿಯೊಂದು ಸಮವಸ್ತ್ರಗಳನ್ನು ಹೊಲಿಯಲು ಕೊಟ್ಟಿತು. ಏಜೆನ್ಸಿಯ ಮ್ಯಾನೇಜರ್ ಹಿಂದೆ ಎಲ್ಲೋ ಕವಾಯತು ಮಾಡಿಸುತ್ತಿದ್ದವನು. ಅವನು "ಏನ್ರೀ!" ಅಂದರೆ ಗಾಜಿನ ಬಾಗಿಲು ನಡುಗುತ್ತಿತ್ತು. ಹೀಗಾಗಿ ಅಷ್ಟೂ ಸಮವಸ್ತ್ರಗಳು ಹೇಳಿದ ದಿನಕ್ಕೆ ಮುಗಿದವು. ಅಂಗಡಿಯ ಇತಿಹಾಸದಲ್ಲಿ ಹೀಗಾದದ್ದು ಅದೇ ಮೊದಲು. ಶುಕ್ರವಾರ ಕೈಗೆ ಮೂವತ್ತಾರು ಸಾವಿರ ಬಂತು.

ಅದೇ ಶುಕ್ರವಾರ ಸಂಜೆ ತೆಳ್ಳಗಿನ ವಸೂಲಿಗಾರನೂ ಬಂದ. ಟೈಲರ್ ಫ್ಯಾನ್ ಆರಿಸಿದ.

"ಸರ್, ದಂಡ ಸೇರಿ ಏಳು ಸಾವಿರ ಆಗಿದೆ ಸರ್. ಸೋಮವಾರ ಕೊನೇ ದಿನ ಸರ್. ಆಮೇಲೆ ಮೆಶಿನ್ ನಮ್ಮ ಗೋಡೌನಿಗೆ ಹೋಗುತ್ತೆ ಸರ್."

"ಯಾಕೆ, ರಿಪೇರಿ ಏನೂ ಇಲ್ವಲ್ಲ?"

"ರಿಪೇರಿಗಲ್ಲ ಸರ್." ಹುಡುಗ ನೆಲ ನೋಡಿದ. "ಬರ್ತೀನಿ ಸರ್." ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

"ಕೇಳಿಸ್ತಾ?" ಹೆಂಡತಿ ಗುಂಡಿಯ ದಾರ ಕಡಿದು ಕೇಳಿದಳು.

"ಕೇಳಿಸ್ತು. ಸುಮ್ನೆ ಹೇಳ್ತಾನೆ ಕಣೇ. ಎಷ್ಟು ಮೆತ್ತಗೆ ಹೇಳಿದ ನೋಡು. ನಿಜವಾಗ್ಲೂ ತಗೊಂಡು ಹೋಗೋ ಹಾಗಿದ್ರೆ ಹೀಗೆ ಹೇಳ್ತಾರಾ?" ಟೈಲರ್ ನೋಟಿನ ಕಟ್ಟನ್ನು ಮುಟ್ಟಿ ನೋಡಿಕೊಂಡ. "ಭಾನುವಾರ ಭಾವನ ಮನೇಲಿ ಊಟ. ನೆಂಟರೆಲ್ಲ ಬರ್ತಾರೆ. ಎಲ್ಲರ ಮುಂದೆ ಮೂವತ್ತೈದು ಸಾವಿರ ಒಟ್ಟಿಗೆ ಅವನ ಕೈಗೆ ಹಾಕಿಬಿಡ್ತೀನಿ. ಒಂದೇ ಏಟು! ಆಮೇಲೆ ಅವನು ಬಾಯಿ ತೆಗೀಲಿ ನೋಡೋಣ."

"ಭಾವನ ಸಾಲಕ್ಕೆ ಬಡ್ಡಿ ಇದೆಯಾ?"

"ಇಲ್ಲ."

"ಅವರು ಬಂದು ಮೆಶಿನ್ ಎತ್ಕೊಂಡು ಹೋಗ್ತಾರಾ?"

"ಅವನ ಬಾಯಿ ಸಾಲದಾ? ಊಟಕ್ಕೆ ಕೂತಾಗ ನಾಲ್ಕು ಜನರ ಮುಂದೆ ಹೇಳ್ತಾನಲ್ಲ, ಅದು ಬಡ್ಡಿ ಅಲ್ವಾ?"

"ಅದು ನಿಮ್ಮ ಕಿವಿಗೆ ಬೀಳೋ ಬಡ್ಡಿ. ಕಾರ್ಡಿಂದು ನಮ್ಮ ಪಾತ್ರೆಗೆ ಬೀಳೋ ಬಡ್ಡಿ." ಅವಳು ಅವನ ಫೋನನ್ನು ತೆಗೆದು ಸಂದೇಶವನ್ನು ಮುಂದೆ ಹಿಡಿದಳು. "ಓದಿ. 'ಸಾಕು' ಅನ್ನೋದು ಮಾತ್ರ ಓದಬೇಡಿ, ಕೆಳಗಿಂದೂ ಓದಿ. ಶುರುವಾದಾಗ ತಿಂಗಳ ಬಡ್ಡಿ ಎಂಟುನೂರ ಎಪ್ಪತ್ತೈದು. ಮೂರು ದಿನ ತಡ ಮಾಡಿದ್ದಕ್ಕೆ ದಂಡ ಐನೂರು. ಕೂಡಿಸಿ."

ಟೈಲರ್ ಅಳತೆ ಟೇಪಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂಡಿಸಿದ. "ಸಾವಿರದ ಮುನ್ನೂರ ಎಪ್ಪತ್ತೈದು."

"ನೀವು ಕಟ್ಟೋದು?"

"ಸಾವಿರದ ಇನ್ನೂರೈವತ್ತು."

"ಮತ್ತೆ?"

ಮತ್ತೆ ಏನೂ ಇಲ್ಲ. ತಿಂಗಳಿಗೆ ನೂರಿಪ್ಪತ್ತೈದರಂತೆ ಅವನು ಎರಡು ವರ್ಷದಿಂದ ನಿಷ್ಠೆಯಿಂದ ಸಾಲ ತೀರಿಸುತ್ತ ಸಾಲವನ್ನು ಬೆಳೆಸಿದ್ದ. ಇಪ್ಪತ್ತೈದು ಸಾವಿರ ಈಗ ಇಪ್ಪತ್ತೆಂಟು ಸಾವಿರವಾಗಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಆರೋಗ್ಯವಾಗಿ ಬೆಳೆಯುತ್ತಿದ್ದದ್ದು ಅದೊಂದೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನಿಮ್ಮ ಲೆಕ್ಕ," ಅಂದಳು ಹೆಂಡತಿ. "ಮೆಶಿನ್ನಿಗೆ ಏಳು, ಕಾರ್ಡಿಗೆ ಇಪ್ಪತ್ತೆಂಟು. ಮೂವತ್ತೈದು. ಇದೂ ಅಷ್ಟೇ ಆಗುತ್ತೆ. ಯೋಚನೆ ಮಾಡಿ."

ಯೋಚನೆ ಮಾಡಿದ. ಲೆಕ್ಕ ಅವನಿಗೆ ಅರ್ಥವಾಗಿರಲಿಲ್ಲ ಅಂತಲ್ಲ. ಲೆಕ್ಕ ತಲೆಗೆ ಹೋಗಿತ್ತು, ಅಷ್ಟೇ. ಭಾವನ ಮಾತು ಹೋಗಿ ನಾಟಿದ್ದು ತಲೆಗಿಂತ ಬಹಳ ಕೆಳಗೆ, ಪಕ್ಕೆಲುಬಿನ ಹತ್ತಿರ. ಅಲ್ಲಿ ಕೂಡುವುದು ಕಳೆಯುವುದು ನಡೆಯುವುದಿಲ್ಲ. ಶನಿವಾರ ಅವನು ತನ್ನ ಒಳ್ಳೆಯ ಅಂಗಿಯ ಒಳಗಡೆ, ಎದೆಯ ಎಡಕ್ಕೆ, ಗಟ್ಟಿ ಬಟ್ಟೆಯ ಕಳ್ಳಜೇಬೊಂದನ್ನು ಹೊಲಿದ. ಮೂವತ್ತಾರು ಸಾವಿರವನ್ನೂ ಅದರೊಳಗಿಟ್ಟು, ಬಸ್ಸಿನಲ್ಲಿ ಜೇಬುಗಳ್ಳರ ಭಯಕ್ಕೆ, ಜೇಬಿನ ಬಾಯನ್ನೂ ಎರಡೆಳೆ ದಾರದಲ್ಲಿ ಹೊಲಿದುಬಿಟ್ಟ.

"ಅಂದ್ರೆ ತೀರ್ಮಾನ ಆಯ್ತು," ಅಂದಳು ಹೆಂಡತಿ. ಅವನು ಜೇಬನ್ನು ತಟ್ಟಿ ನೋಡಿಕೊಂಡ. ಅವಳು ತನ್ನ ಸ್ಟೂಲಿಗೆ ಹಿಂತಿರುಗಿದಳು. ಅವಳು ಕೂಗುವವಳಲ್ಲ.

ಭಾವ ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದ. ಅದನ್ನು ನೆಂಟರಿಗೆ ತೋರಿಸುವುದಕ್ಕೇ ಆ ಊಟ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಡಬ್ಬಗಳನ್ನೆಲ್ಲ ಖಾಲಿ ಮಾಡಿದ್ದರಿಂದ ನಡುಮನೆಯ ನಾಲ್ಕು ಗೋಡೆಗಳಿಗೂ ಒಂದಕ್ಕೊಂದು ಮಾತಿರಲಿಲ್ಲ. ನೇರಳೆ ಗೋಡೆಯ ಪಕ್ಕ ಹಳದಿ, ಹಳದಿಯ ಎದುರು ಗಿಳಿಹಸಿರು. ನೆಂಟರು "ಬಹಳ ಧೈರ್ಯದ ಬಣ್ಣ" ಎಂದು ಹೊಗಳುತ್ತಿದ್ದರು.

ಹಸಿರು ಗೋಡೆಗೆ ಒರಗಿ ಟೈಲರನ ಸೋದರಮಾವ ಕೂತಿದ್ದ. ಬದುಕೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು. ಮುಂದೆ ಎಮ್ಮೆ ಅಡ್ಡ ಮಲಗಿದರೂ ಹಾರ್ನ್ ಹೊಡೆಯದೆ, ಅದು ಎದ್ದುಹೋಗುವತನಕ ಕಾಯುತ್ತಿದ್ದವನು ಎಂದು ಅವನಿಗೆ ಹೆಸರಿತ್ತು. ಮೈಮೇಲೆ ಹೊಸ ಅಂಗಿ. ಟೈಲರನ ಕಣ್ಣು ಅಭ್ಯಾಸಬಲದಿಂದ ಹೊಲಿಗೆಯ ಮೇಲೆ ಹೋಯಿತು.

"ಮಾವ, ಈ ಅಂಗಿ..."

"ರೆಡಿಮೇಡ್ ಕಣಪ್ಪ."

"ನಿಮ್ಮ ಬಟ್ಟೆ ನನ್ನ ಹತ್ರ ಇದೆಯಲ್ಲ ಮಾವ. ಕಾಲರ್ ರೆಡಿ ಆಗಿದೆ."

"ಗೊತ್ತು. ಹೋದ ವರ್ಷವೂ ರೆಡಿ ಇತ್ತು."

"ಒಂದು ಸಲ ಬಂದು ಜೋರಾಗಿ ಕೇಳಿದ್ರೆ ಕೊಟ್ಟುಬಿಡ್ತಿದ್ದೆ."

"ಒಂದು ಅಂಗಿಗೆ ಯಾಕಪ್ಪಾ ಜೋರು ಮಾಡೋದು?" ಮಾವ ನಕ್ಕ. ಆ ನಗುವಿನಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. "ಎದುರಿಗೇ ರೆಡಿಮೇಡ್ ಅಂಗಡಿ ಇತ್ತು, ಹೋಗಿ ತಗೊಂಡೆ. ಮಗನಿಗೂ ಅಲ್ಲೇ. ಅಳಿಯನಿಗೂ ಅಲ್ಲೇ. ನಿನ್ನ ಹತ್ರ ಇರೋ ಬಟ್ಟೇನ ಮೆಶಿನ್ ಒರೆಸೋಕೆ ಇಟ್ಕೋ."

ಮಾವನ ಮನೆಯಲ್ಲಿ ಗಂಡಸರೇ ಐದು ಜನ. ಅಷ್ಟೂ ಅಂಗಿ, ಅಷ್ಟೂ ಪ್ಯಾಂಟು, ಒಂದು ಮಾತಿಲ್ಲದೆ ಎದ್ದುಹೋಗಿದ್ದವು. ಅವನಿಗೆ ಗೊತ್ತೇ ಆಗಿರಲಿಲ್ಲ. ಬೈದು ಕೂಗಾಡಿದ ಗಿರಾಕಿಗಳೆಲ್ಲ ಇವತ್ತಿಗೂ ಅವನ ಅಂಗಡಿಗೇ ಬಂದು ಬೈದು ಕೂಗಾಡುತ್ತಿದ್ದರು.

ಊಟಕ್ಕೆ ಕೂತಾಗ ಭಾವ ಶುರು ಮಾಡಿದ.

"ಎಲ್ಲರೂ ನಿಧಾನವಾಗಿ ಊಟ ಮಾಡಿ. ನಮ್ಮ ಟೈಲರಿಗೆ ಇನ್ನೆರಡು ತುತ್ತು ಜಾಸ್ತಿ ಬಡಿಸಿ. ಪಾಪ, ನನ್ನ ದುಡ್ಡು ಹೊತ್ತುಕೊಂಡು ಮೂರು ವರ್ಷದಿಂದ ಓಡಾಡ್ತಿದಾನೆ. ಭಾರ ಅಲ್ವಾ?"

ನೆಂಟರು ನಕ್ಕರು. ಪ್ರತಿ ಸಲ ನಗುತ್ತಿದ್ದಷ್ಟೇ ನಕ್ಕರು. ಹೆಂಡತಿ ತಟ್ಟೆ ನೋಡುತ್ತಿದ್ದಳು. ಟೈಲರ್ ಎದ್ದು ನಿಂತ. ಈ ಗಳಿಗೆಯನ್ನು ಅವನು ಮೂರು ವರ್ಷದಿಂದ ಮನಸ್ಸಿನಲ್ಲಿ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಇಟ್ಟಿದ್ದ.

"ಭಾವ, ಇವತ್ತು ಪೂರ್ತಿ ಕೊಡ್ತಾ ಇದೀನಿ. ಮೂವತ್ತೈದು ಸಾವಿರ. ಎಲ್ಲರ ಮುಂದೇನೇ ಎಣಿಸ್ಕೊಳ್ಳಿ."

ಭಾವನ ಮುಖ ಅರಳುತ್ತದೆ ಎಂದೋ ಬಾಡುತ್ತದೆ ಎಂದೋ ಟೈಲರ್ ಎಣಿಸಿದ್ದ. ಎರಡೂ ಆಗಲಿಲ್ಲ. ಅಂಗಡಿಗೆ ಬೆಂಕಿ ಬಿದ್ದ ಸುದ್ದಿ ಕೇಳಿದವನ ಹಾಗೆ ಭಾವ ಕಣ್ಣು ಕಣ್ಣು ಬಿಟ್ಟ.

"ಪೂರ್ತೀನಾ? ಯಾಕೆ? ಏನಾಯ್ತು ಈಗ?"

"ಏನೂ ಆಗಿಲ್ಲ. ಸಾಲ ತೀರಿಸ್ತಾ ಇದೀನಿ."

"ಅಯ್ಯೋ, ನಾನು ತಮಾಷೆಗೆ ಅಂದಿದ್ದಯ್ಯ! ಮನೆಯವರ ಹತ್ರ ಇಷ್ಟು ಅವಸರ ಮಾಡ್ತಾರಾ?"

ಟೈಲರ್ ಅಂಗಿಯೊಳಗೆ ಕೈ ಹಾಕಿದ. ಜೇಬಿನ ಬಾಯಿ ಸಿಕ್ಕಿತು, ತೆರೆಯಲಿಲ್ಲ. ಎಳೆದ. ಎರಡೆಳೆಯ ಹೊಲಿಗೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎದೆ ಹಿಡಿದುಕೊಂಡು ಒದ್ದಾಡುತ್ತಿದ್ದವನನ್ನು ಕಂಡು ಯಾರೋ "ನೀರು ಕೊಡಿ, ನೀರು ಕೊಡಿ" ಅಂದರು. "ಏನಿಲ್ಲ, ಕತ್ತರಿ ಬೇಕು," ಎನ್ನುತ್ತ ಅವನು ಅಡಿಗೆಮನೆಗೆ ಹೋದ.

ಅಕ್ಕ ಒಲೆಯ ಮುಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮೊಳೆಗೆ ನೇತುಹಾಕಿದ್ದ ಕತ್ತರಿಯನ್ನು ತಮ್ಮ ನೋಡುವ ಮೊದಲೇ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡಳು.

"ಪೂರ್ತಿ ಕೊಡ್ತೀಯಂತೆ? ತಲೆ ಕೆಟ್ಟಿದೆಯೇನೋ ನಿನಗೆ?"

"ಅಕ್ಕ, ಕತ್ತರಿ ಕೊಡು."

"ನೀನು ಸಾಲ ತಗೊಳೋಕೆ ಮುಂಚೆ ಇವರು ಊಟಕ್ಕೆ ಕೂತ್ರೆ ಏನ್ ಮಾತಾಡ್ತಿದ್ರು ಗೊತ್ತಾ? ಇದಕ್ಕೆ ಉಪ್ಪು ಜಾಸ್ತಿ, ಅದಕ್ಕೆ ಹುಳಿ ಕಡಿಮೆ, ನಿಮ್ಮಮ್ಮನ ಕೈಯೂ ಹೀಗೇ ಇತ್ತು. ಮದುವೆಯಾದಾಗಿಂದ ಅದೇ. ನಿನಗೆ ದುಡ್ಡು ಕೊಟ್ಟ ದಿನದಿಂದ ನನ್ನ ಅಡಿಗೆ ಸುದ್ದಿ ಬಿಟ್ಟು ನಿನ್ನ ಸುದ್ದಿ ಹಿಡಿದ್ರು. ಮೂರು ವರ್ಷ ನೆಮ್ಮದಿಯಾಗಿ ಒಗ್ಗರಣೆ ಹಾಕಿದೀನಿ ಕಣೋ. ಈಗ ನೀನು ತೀರಿಸಿ ಕೈ ತೊಳ್ಕೊಂಡ್ರೆ ಇವರ ಬಾಯಿ ಯಾರ ಮೇಲೆ ಬೀಳುತ್ತೆ?"

"ನನ್ನ ಮರ್ಯಾದೆ ಹೋಗ್ತಿದೆಯಲ್ಲೇ ಅಕ್ಕ."

"ಎಲ್ಲಿ ಹೋಗ್ತಿದೆ? ಇವರ ಮಾತು ಯಾರು ಮನಸ್ಸಿಗೆ ಹಚ್ಕೋತಾರೆ? ಊಟ ಚೆನ್ನಾಗಿದೆ ಅಂತ ಬರ್ತಾರೆ, ನಗಬೇಕಲ್ಲಾ ಅಂತ ನಗ್ತಾರೆ, ಹೋಗ್ತಾರೆ." ಅಕ್ಕ ದನಿ ತಗ್ಗಿಸಿದಳು. "ಕೊಡಬೇಡ ಅಂತಿಲ್ಲ. ತಿಂಗಳಿಗೆ ಸಾವಿರ ಕೊಡು, ಇವರಿಗೂ ಮಾತಿಗೆ ವಿಷಯ ಇರುತ್ತೆ. ನಿನ್ನ ಹೆಂಡತಿ ಎಲ್ಲ ಹೇಳಿದಾಳೆ, ಮೆಶಿನ್ ಕಥೆ. ಮೊದಲು ಅದನ್ನ ನೋಡು."

ಟೈಲರ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಡುಮನೆಯನ್ನು ನೋಡಿದ. ಭಾವ ಊಟ ಬಿಟ್ಟು, ಕತ್ತರಿ ಬರುತ್ತದೆಯೋ ಏನೋ ಎಂದು ಇತ್ತಲೇ ಕಣ್ಣಿಟ್ಟು ಕೂತಿದ್ದ. ಅವನ ಪಕ್ಕದಲ್ಲಿ ಮಾವ ರೆಡಿಮೇಡ್ ಅಂಗಿಯ ತೋಳನ್ನು ನೀಟಾಗಿ ಮಡಚಿಕೊಂಡು, ಸದ್ದಿಲ್ಲದೆ ಊಟ ಮಾಡುತ್ತಿದ್ದ. ಒಬ್ಬನು ಕೂಗುವವನು, ಇನ್ನೊಬ್ಬನು ಕೂಗದವನು. ಕೂಗುವವನು ಮತ್ತೆ ಮತ್ತೆ ಬರುತ್ತಾನೆ. ಕೂಗದವನು ಹೋದರೆ ಹೋದ. ಫ್ಯಾನ್ ಆರಿಸಿ ಕೇಳಬೇಕಾದ ಆ ಮೆತ್ತಗಿನ ದನಿ ಟೈಲರನಿಗೆ ಆಗ ಗೋಡೆ ಬಿರಿಯುವಂತೆ ಕೇಳಿಸಿತು. ರಿಪೇರಿಗಲ್ಲ ಸರ್.

"ಸಿಕ್ತಾ ಕತ್ತರಿ?" ಭಾವ ಕ್ಷೀಣವಾಗಿ ಕೇಳಿದ.

ಟೈಲರ್ ಅಂಗಿ ಸರಿಮಾಡಿಕೊಂಡ. ಮೂರು ವರ್ಷ ಇಸ್ತ್ರಿ ಮಾಡಿಟ್ಟ ಗಳಿಗೆಯನ್ನು ತಾನೇ ಮುದುರಿ ಮೂಲೆಗೆ ಹಾಕಬೇಕಾಗಿತ್ತು.

"ಇಲ್ಲ ಭಾವ, ಸಿಗಲಿಲ್ಲ. ನಾಳೆ ಕೊಡ್ತೀನಿ."

ಇಡೀ ನಡುಮನೆ ಹೋ ಎಂದು ನಕ್ಕಿತು. ಭಾವನಿಗೆ ಹೋದ ಜೀವ ಬಂತು. "ನೋಡಿದ್ರಾ! ನೋಡಿದ್ರಾ! ನಾನು ಹೇಳಲಿಲ್ವಾ? ಜೇಬಿಗೂ ನಾಳೆ ಅಂತ ಹೇಳ್ತಾನೆ ಇವನು! ಬಡಿಸ್ರೇ ಇವನಿಗೆ ಇನ್ನೊಂದಿಷ್ಟು!" ಟೈಲರ್ ಕೂತು ಬಡಿಸಿದ್ದನ್ನು ತಿಂದ. ಕಿವಿ ಬಿಸಿಯಾಗಿತ್ತು. ಆದರೂ ತಟ್ಟೆ ಖಾಲಿ ಮಾಡಿಯೇ ಎದ್ದ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಳು.

"ಮೊದಲು ಮೆಶಿನ್ನಿಂದು ಕಟ್ಟಿಬಿಡ್ತೀನಿ," ಅಂದ ಅವನು.

"ಯಾವಾಗ?"

"ನಾಳೆ." ಅವಳು ತಿರುಗಿ ನೋಡಿದ್ದೇ ಅವನು ಅವಸರವಾಗಿ ಸೇರಿಸಿದ, "ಇವತ್ತು ಭಾನುವಾರ ಕಣೇ, ಆಫೀಸು ಮುಚ್ಚಿರುತ್ತೆ!"

"ಸರಿ. ಇಪ್ಪತ್ತು ವರ್ಷಕ್ಕೆ ನಿಮ್ಮ ಬಾಯಲ್ಲಿ ಆ ಮಾತು ನಿಜ ಆಗೋದನ್ನೂ ನೋಡೋಣ."

ಸೋಮವಾರ ಬೆಳಿಗ್ಗೆ ಅವನು ಅದೇ ಅಂಗಿ ತೊಟ್ಟು ಬೇಗನೇ ಅಂಗಡಿಗೆ ಬಂದ. ಕಂತಿನ ಆಫೀಸು ತೆರೆಯಲು ಇನ್ನೂ ಹೊತ್ತಿತ್ತು. ಗೋಡೆ ನೋಡಿದ. ಮಾವನ ಕಾಲರ್ ಧೂಳು ಹಿಡಿದು ನೇತಾಡುತ್ತಿತ್ತು. ಅದನ್ನು ಇಳಿಸಿ, ಕೊಡವಿ, ಗಂಟು ಕಟ್ಟಿಟ್ಟಿದ್ದ ಬಟ್ಟೆಯನ್ನು ಹುಡುಕಿ ಮೆಶಿನ್ನಿಗೆ ಕೂತ. ಯಾರೂ ಕೂಗದೆ ಅವನು ಹೊಲಿಯಲು ಕೂತದ್ದು ನೆನಪಿನಲ್ಲೇ ಇರಲಿಲ್ಲ. ಬೆನ್ನು ಆಯ್ತು, ಎದೆ ಆಯ್ತು, ಒಂದು ತೋಳು ಕೂರಿಸಿ ಇನ್ನೊಂದನ್ನು ಸೂಜಿಯ ಕೆಳಗೆ ಇಡುವಷ್ಟರಲ್ಲಿ ಮೋಟಾರು ನಿಂತಿತು. ಕರೆಂಟ್ ಹೋಯಿತು ಅಂದುಕೊಂಡು ತಲೆ ಎತ್ತಿದರೆ, ತೆಳ್ಳಗಿನ ವಸೂಲಿಗಾರ ಬರಿಗಾಲಲ್ಲಿ ನಿಂತು ಪ್ಲಗ್ಗಿನ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತುತ್ತಿದ್ದ. ಹಿಂದೆ ಇಬ್ಬರು ದಾಂಡಿಗರು. ಹೊರಗೆ ಗೂಡ್ಸ್ ಆಟೋ.

"ಏನಪ್ಪಾ ಇದು? ಸೋಮವಾರದ ತನಕ ಟೈಮಿದೆ ಅಂತ ನೀನೇ ಅಂದಿದ್ದೆಯಲ್ಲ!"

"ಇವತ್ತೇ ಸೋಮವಾರ ಸರ್. ನೀವು ನಾಳೆ ಬಾ ಅಂತೀರಿ ಅಂತ ಮೊದಲೇ ಗಾಡಿ ತಂದ್ವಿ ಸರ್. ಬೇಜಾರು ಮಾಡ್ಕೋಬೇಡಿ ಸರ್."

"ದುಡ್ಡಿದೆ ಕಣಯ್ಯ! ಇಲ್ಲೇ ಇದೆ!" ಟೈಲರ್ ಎದೆ ತಟ್ಟಿಕೊಂಡ.

"ಎಲ್ಲರೂ ಹಾಗೇ ಹೇಳ್ತಾರೆ ಸರ್."

ದಾಂಡಿಗರು ಮೆಶಿನ್ನಿನ ಮೇಜನ್ನು ಎರಡು ಕಡೆಯಿಂದ ಹಿಡಿದು ಎತ್ತಿದರು. ಮಾವನ ಅಂಗಿ ಸೂಜಿಗೆ ಕಚ್ಚಿಕೊಂಡು, ಒಂದು ತೋಳು ಬೀಸುತ್ತ, ಮೆಶಿನ್ನಿನ ಜೊತೆಗೇ ಹೊರಟಿತು. ಟೈಲರ್ ಜೇಬು ಎಳೆದ, ಜಗ್ಗಿದ, ಉಗುರಿನಿಂದ ಕೆರೆದ. "ಕತ್ತರಿ! ಕತ್ತರಿ ಕೊಡ್ರೋ, ಡ್ರಾಯರಿನಲ್ಲಿದೆ!"

"ಡ್ರಾಯರೂ ಮೆಶಿನ್ನಿಗೇ ಸೇರಿದ್ದು ಸರ್," ಅಂದ ವಸೂಲಿಗಾರ, ಬಹಳ ವಿನಯದಿಂದ.

ಮೆಶಿನ್ ಗಾಜಿನ ಬಾಗಿಲು ದಾಟುವ ಹೊತ್ತಿಗೆ ಎದುರಿನಿಂದ ಹೆಂಡತಿ ಬಂದಳು. ಊಟದ ಡಬ್ಬಿಯನ್ನು ಹೊಸ್ತಿಲ ಮೇಲೆ ಕುಕ್ಕಿ, ದಾಂಡಿಗರಿಗೆ "ನಿಲ್ಲಿ!" ಅಂದಳು. ಅಷ್ಟು ಜೋರಾಗಿ ಅವಳು ಕೂಗಿದ್ದನ್ನು ಬೀದಿ ಕೇಳಿರಲಿಲ್ಲ. ದಾಂಡಿಗರು ನಿಂತರು. ಅವಳು ನೇರ ಬಂದು, ಗಂಡನ ಅಂಗಿಯ ಗುಂಡಿ ಬಿಚ್ಚಿ, ಕಳ್ಳಜೇಬನ್ನು ಬಾಯಿಗೆ ಹಿಡಿದು, ದಾರವನ್ನು ಹಲ್ಲಿನಿಂದ ಕಚ್ಚಿದಳು. ಔಷಧಿ ಅಂಗಡಿಯವರೆಲ್ಲ ಫುಟ್‌ಪಾತಿಗೆ ಇಳಿದರು. ಒಂದು ಸಲಕ್ಕೆ ಬರಲಿಲ್ಲ. ಮತ್ತೆ ಕಚ್ಚಿದಳು.

"ಥೂ, ಎಂಥಾ ಹೊಲಿಗೆ! ಒಬ್ಬ ಗಿರಾಕಿಗಾದ್ರೂ ಇಷ್ಟು ಗಟ್ಟಿಯಾಗಿ ಹೊಲಿದಿದ್ರೆ ಇವತ್ತು ಈ ಗತಿ ಬರ್ತಿರಲಿಲ್ಲ!"

ದಾರ ತುಂಡಾಯಿತು. ಹುಡುಗ ಏಳು ಸಾವಿರ ಎಣಿಸಿಕೊಂಡು ರಸೀದಿ ಬರೆದ. ಮೆಶಿನ್ ಹಿಂದಕ್ಕೆ ಬಂದು ತನ್ನ ಜಾಗದಲ್ಲಿ ಕೂತಿತು. ಪ್ಲಗ್ಗನ್ನು ಹುಡುಗನೇ ಸಿಕ್ಕಿಸಿದ. "ಥ್ಯಾಂಕ್ಸ್ ಸರ್," ಅಂದ. ಟೈಲರನಿಗೆ ಆ ಸರ್ ಎಂಬ ಮಾತು ಕೇಳಿ ಮೊದಲ ಸಲ ಬೆನ್ನುಹುರಿಯಲ್ಲಿ ಚಳಿ ಹುಟ್ಟಿತು.

"ಕಾರ್ಡಿಂದು?" ಹೆಂಡತಿ ಡಬ್ಬಿ ಎತ್ತಿಕೊಳ್ಳುತ್ತ ಕೇಳಿದಳು.

"ಅದು ನಾ..." ಅಂದವನು ಅವಳ ಹಲ್ಲು ನೋಡಿ, "ಈಗಲೇ," ಅಂದ.

ಬ್ಯಾಂಕಿನಲ್ಲಿ ಕಾರ್ಡಿನ ಮೇಜಿನ ಹಿಂದೆ ಕೂತಿದ್ದ ಯುವತಿ ಮುಗುಳ್ನಕ್ಕು ಕುರ್ಚಿ ತೋರಿಸಿದಳು. ಇಪ್ಪತ್ತೆಂಟು ಸಾವಿರವನ್ನೂ ಕಟ್ಟಿ ಕಾರ್ಡ್ ಮುಚ್ಚಿಸಬೇಕು ಎಂದದ್ದೇ ಅವಳ ನಗು ಕೊಂಚ ಮಂಕಾಯಿತು.

"ಪೂರ್ತಿ ಯಾಕೆ ಸರ್? ಈ ತಿಂಗಳು ಕನಿಷ್ಠ ಮೊತ್ತ ಕಟ್ಟಿದ್ರೆ ಸಾಕು. ನಿಮ್ಮಂಥ ಒಳ್ಳೇ ಗ್ರಾಹಕರಿಗೆ ಮಿತಿಯನ್ನೂ ಹೆಚ್ಚಿಸಿಕೊಡ್ತೀವಿ. ಉಳಿದದ್ದು ನಿಧಾನವಾಗಿ ನೋಡೋಣ ಸರ್."

ಟೈಲರ್ ಅವಳನ್ನು ಬಹಳ ಅಕ್ಕರೆಯಿಂದ ನೋಡಿದ. ಬಟ್ಟೆ ಬಂದ ದಿನವೇ ಕತ್ತರಿಸುವುದು, ಕಾಲರ್ ತೋರಿಸಿ ಕಳಿಸುವುದು, ಉಳಿದದ್ದು ನಾಳೆ ಅನ್ನುವುದು. ಎರಡು ವರ್ಷ ಅವನು ಗಿರಾಕಿಯ ಜಾಗದಲ್ಲಿ ನಿಂತು ತನ್ನದೇ ಕಾಲರನ್ನು ನೋಡಿ ಸಂತೋಷಪಟ್ಟಿದ್ದ.

"ಬೇಡ ತಾಯಿ, ಪೂರ್ತಿ ತಗೊಳ್ಳಿ," ಅಂದ. "ನಾನೂ ಇದೇ ಕಸುಬಿನವನು."

ಉಳಿದ ಒಂದು ಸಾವಿರವನ್ನು ಹೆಂಡತಿ ಎಣಿಸಿ ತನ್ನ ಹತ್ತಿರ ಇಟ್ಟುಕೊಂಡಳು. ಅದು ಭಾವನ ಪಾಲು. ತಿಂಗಳು ತಿಂಗಳೂ ಅಷ್ಟನ್ನು ತಪ್ಪದೆ ಕೊಡುವ ಜವಾಬ್ದಾರಿ ಇನ್ನು ಅವಳದೇ, ಆ ವಿಷಯದಲ್ಲಿ ಗಂಡನ ನಾಲಿಗೆಯನ್ನು ನಂಬಲು ಅವಳು ಸಿದ್ಧಳಿರಲಿಲ್ಲ. ಮಾವನ ಅಂಗಿ ಅವತ್ತೇ ಸಂಜೆ ಮುಗಿಯಿತು. ತಾನೇ ತೆಗೆದುಕೊಂಡು ಹೋಗಿ ಕೊಟ್ಟ. ಮಾವ ಹಾಕಿ ನೋಡಿ, "ಚೆನ್ನಾಗಿದೆ ಕಣಪ್ಪ, ಸ್ವಲ್ಪ ಬಿಗಿ. ಎರಡು ವರ್ಷದಲ್ಲಿ ನಾನೇ ದಪ್ಪ ಆಗಿದೀನಿ," ಅಂದ. ಮಗ, ಅಳಿಯ ಇನ್ನೂ ರೆಡಿಮೇಡ್ ಅಂಗಡಿಗೇ ಹೋಗುತ್ತಾರೆ. ಅದಕ್ಕೆ ಯಾರೇನು ಮಾಡಲಾಗುತ್ತದೆ?

ಅಂಗಡಿಯ ಹೆಸರು ಬದಲಾಗಲಿಲ್ಲ. ಗೋಡೆಯ ಕಾಲರುಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಮುಂದಿನ ತಿಂಗಳು ಒಂದನೇ ತಾರೀಖು ಭಾವ ಎದುರು ಬದಿಯ ಫುಟ್‌ಪಾತಿನಿಂದಲೇ ಶುರು ಮಾಡಿದ. ಮೈಮೇಲೆ ಹಳದಿ ಬಣ್ಣದ ಕಲೆ, ಮುಖದಲ್ಲಿ ಹೊಸ ಹುರುಪು.

"ಏನಯ್ಯಾ ಟೈಲರೇ! ಜೇಬು ಬಿಚ್ಚೋಕೆ ಕತ್ತರಿ ಸಿಕ್ತಾ?"

ಹೆಂಡತಿ ಮಡಚಿದ ಸಾವಿರ ರೂಪಾಯಿಯನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಹೋದಳು. ಟೈಲರ್ ತಲೆ ಎತ್ತಲಿಲ್ಲ. ಕೈಯಲ್ಲಿ ಯಾರೋ ಒಬ್ಬ 'ಪರವಾಗಿಲ್ಲ' ಗಿರಾಕಿಯ ಪ್ಯಾಂಟಿತ್ತು. ಕಾಲಿನಿಂದ ಒತ್ತು ಕೊಟ್ಟದ್ದೇ ಮೋಟಾರಿನ ಗರ್ ಸದ್ದು ಅಂಗಡಿ ತುಂಬಿತು.

"ಜೋರಾಗಿ ಹೇಳಿ ಭಾವ!" ಅವನು ಹೊಲಿಯುತ್ತಲೇ ಕೂಗಿದ. "ಮೆಶಿನ್ ಸದ್ದಿಗೆ ಏನೂ ಕೇಳಿಸ್ತಿಲ್ಲ!"